ಗೇಜು ಹೇಳದ ವಾಸನೆ



ನಮ್ಮ ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಕಾಫಿ ಶೋಧಿಸುತ್ತಾರೆ, ಹಾಲು ಶೋಧಿಸುತ್ತಾರೆ, ಬೆಣ್ಣೆ ಕಾಯಿಸಿ ತುಪ್ಪ ಶೋಧಿಸುತ್ತಾರೆ. ಬೇರೆ ಕಡೆ ಸೋಸುವುದು ಎನ್ನುತ್ತಾರೆ. ಅದೇ ಶೋಧಿಸು ಎಂಬ ಮಾತು ಅಡುಗೆಮನೆಯ ಹೊಸ್ತಿಲು ದಾಟಿದರೆ ಹುಡುಕು ಎಂದಾಗುತ್ತದೆ, ವಿಶ್ವವಿದ್ಯಾಲಯದ ಗೇಟು ದಾಟಿದರೆ ಸಂಶೋಧನೆಯಾಗುತ್ತದೆ. ಒತ್ತಡದ ಗಾಳಿಯಿಂದ ಎಣ್ಣೆಯನ್ನೂ ವಾಸನೆಯನ್ನೂ ತೆಗೆಯುವ ಸಾಧನಗಳ ಬಗ್ಗೆ ಎರಡು ದಿನ ಮಾತಾಡಲು ಸೇರಿದ್ದೇವೆ. ಈ ಕೆಲಸಕ್ಕೆ ಆ ಎರಡೂ ಅರ್ಥಗಳು ಒಟ್ಟಿಗೆ ಬೇಕು. ಮೂವತ್ತು ವರ್ಷ ಕಂಪ್ರೆಸರ್ ರೂಮುಗಳಲ್ಲಿ ಓಡಾಡಿದ ಮೇಲೆ ನನಗೆ ಅನ್ನಿಸಿರುವುದು ಇದು: ಸೋಸುವುದನ್ನು ನಾವು ದುಡ್ಡು ಕೊಟ್ಟು ಕೊಂಡಿದ್ದೇವೆ, ಹುಡುಕುವುದನ್ನು ಕೈಬಿಟ್ಟಿದ್ದೇವೆ. ಫಿಲ್ಟರ್ ಕೂರಿಸಿದ್ದೇವೆ. ಅದರಾಚೆ ಏನು ಹೊರಬರುತ್ತಿದೆ ಎಂದು ಕೇಳಿಲ್ಲ.

ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿ ಕಡಕೊಳದ ಕಡೆ ಬರುವಾಗ ರಸ್ತೆಯ ಎರಡೂ ಬದಿ ಗಮನಿಸಿದ್ದೀರಿ. ಇಲ್ಲಿಂದ ತಾಂಡವಪುರ, ನಂಜನಗೂಡಿನವರೆಗೆ ವಾಹನ, ಔಷಧ, ಬಟ್ಟೆ, ಎಲೆಕ್ಟ್ರಾನಿಕ್ ಫಲಕ, ಕಾಫಿ ಪುಡಿ ಹೀಗೆ ಒಂದರ ಪಕ್ಕ ಒಂದು ಕಾರ್ಖಾನೆ. ಒಬ್ಬರ ಸರಕು ಇನ್ನೊಬ್ಬರಿಗೆ ಬೇಡ. ಆದರೆ ಎಲ್ಲರೂ ಬಳಸುವ ಒಂದು ಕಚ್ಚಾವಸ್ತು ಇದೆ, ಅದು ಗಾಳಿ. ಬಣ್ಣ ಸಿಂಪಡಿಸುವುದು, ಮಾತ್ರೆ ಲೇಪಿಸುವುದು, ಬಾಟಲಿ ಊದುವುದು, ಪೊಟ್ಟಣದ ಬಾಯಿ ತೆರೆಯುವುದು, ಎಲ್ಲ ಒತ್ತಡದ ಗಾಳಿಯಿಂದಲೇ. ಕಾಫಿ ಬೀಜ ಬಂದರೆ ಗೋಣಿಗೆ ಬಂಬು ಚುಚ್ಚಿ ಮಾದರಿ ತೆಗೆಯುತ್ತೇವೆ, ತೇವ ನೋಡುತ್ತೇವೆ, ಸರಿಯಿಲ್ಲದಿದ್ದರೆ ಲಾರಿಯನ್ನೇ ವಾಪಸ್ ಕಳಿಸುತ್ತೇವೆ. ಗಾಳಿಗೆ ಅಂಥ ಪರೀಕ್ಷೆ ಇಲ್ಲ. ಅದು ಗೋಡೆಯ ಜಾಲರಿಯಿಂದ ತಾನಾಗಿ ಒಳಗೆ ಬರುತ್ತದೆ, ಬಿಲ್ಲು ಬರುವುದು ಕರೆಂಟಿನ ಲೆಕ್ಕದಲ್ಲಿ ಮಾತ್ರ.

ಏಳು ಬಾರ್ ಗೇಜ್ ಒತ್ತಡ ಎಂದರೆ ಸುಮಾರು ಎಂಟು ಡಬ್ಬದಷ್ಟು ಗಾಳಿಯನ್ನು ಒಂದು ಡಬ್ಬಕ್ಕೆ ತುರುಕಿದ ಹಾಗೆ. ಆ ಎಂಟೂ ಡಬ್ಬಗಳ ಧೂಳು, ತೇವ, ಹೆದ್ದಾರಿಯ ಡೀಸೆಲ್ ಹೊಗೆ, ಪಕ್ಕದ ಶೆಡ್ಡಿನ ಥಿನ್ನರ್ ಆವಿ ಆ ಒಂದು ಡಬ್ಬದಲ್ಲಿ ಸೇರಿರುತ್ತದೆ. ಇದರ ಮೇಲೆ ಕಂಪ್ರೆಸರ್ ತನ್ನ ಎಣ್ಣೆಯನ್ನು ಸೇರಿಸುತ್ತದೆ. ಎಣ್ಣೆ ಹಾಕಿದ ಸ್ಕ್ರೂ ಕಂಪ್ರೆಸರಿನಲ್ಲಿ ಎಣ್ಣೆಗೆ ಮೂರು ಕೆಲಸ: ಸ್ಕ್ರೂಗಳ ನಡುವಿನ ಸಂದು ಮುಚ್ಚುವುದು, ಬಿಸಿ ಹೊತ್ತೊಯ್ಯುವುದು, ಸವೆತ ತಪ್ಪಿಸುವುದು. ಅದಾದ ಮೇಲೆ ಸೆಪರೇಟರ್ ಬಹುಪಾಲು ಎಣ್ಣೆಯನ್ನು ತಿರುಗಿ ಕಳಿಸುತ್ತದೆ. ಹೊಸ ಸೆಪರೇಟರ್ ಇದ್ದರೂ ಒಂದು ಘನ ಮೀಟರ್ ಗಾಳಿಗೆ 3 ಮಿಲಿಗ್ರಾಂ ಆಸುಪಾಸು ಎಣ್ಣೆ ಮುಂದೆ ಹೋಗಿಯೇ ಹೋಗುತ್ತದೆ. 3 ಮಿಲಿಗ್ರಾಂ ಏನು ಮಹಾ ಎನ್ನಿಸುತ್ತದೆ. ನಿಮಿಷಕ್ಕೆ 10 ಘನ ಮೀಟರ್ ಗಾಳಿ ಕೊಡುವ ಮಧ್ಯಮ ಗಾತ್ರದ ಯಂತ್ರ ವರ್ಷಕ್ಕೆ 8,000 ಗಂಟೆ ಓಡಿತು ಎಂದುಕೊಳ್ಳಿ. 48 ಲಕ್ಷ ಘನ ಮೀಟರ್ ಗಾಳಿಯಾಯಿತು, 14 ಕಿಲೋಗೂ ಮೀರಿದ ಎಣ್ಣೆಯಾಯಿತು. ಅಂಗಡಿಯಲ್ಲಿ ಸಿಗುವ ಹದಿನೈದು ಕಿಲೋ ಅಡುಗೆ ಎಣ್ಣೆಯ ತಗಡಿನ ಡಬ್ಬವನ್ನು ನೆನೆಸಿಕೊಳ್ಳಿ. ವರ್ಷಕ್ಕೊಂದು ಡಬ್ಬ ಎಣ್ಣೆ, ಯಾರ ಕಣ್ಣಿಗೂ ಬೀಳದೆ, ನಮ್ಮ ಪೈಪುಗಳಲ್ಲಿ ಹರಿದುಹೋಗುತ್ತಿದೆ. ಶುದ್ಧತೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8573-1 ತನ್ನ ಒಂದನೇ ದರ್ಜೆಗೆ ಹಾಕಿರುವ ಮಿತಿ ಘನ ಮೀಟರಿಗೆ 0.01 ಮಿಲಿಗ್ರಾಂ. ಆ ಮಿತಿಯಲ್ಲಿ ಅದೇ ಯಂತ್ರದಿಂದ ವರ್ಷಕ್ಕೆ ಹೊರಹೋಗಬಹುದಾದದ್ದು 48 ಗ್ರಾಂ. ಒಂದು ಡಬ್ಬಕ್ಕೂ ಒಂದು ಸಣ್ಣ ಬಟ್ಟಲಿಗೂ ನಡುವಿನ ಅಂತರವೇ ಈ ಸಂಕಿರಣದ ವಿಷಯ.

ಎಣ್ಣೆ ಎಲ್ಲ ಕಡೆ ಶತ್ರುವಲ್ಲ, ಅದನ್ನೂ ಹೇಳಿಬಿಡುತ್ತೇನೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು ಎಂಬ ಹೆಮ್ಮೆಯ ಸಂಗತಿ ನಮಗೆಲ್ಲ ಗೊತ್ತು. ಗಣಿಯ ಆಳದಲ್ಲಿ ಬಂಡೆ ಕೊರೆಯುತ್ತಿದ್ದ ಡ್ರಿಲ್ಲುಗಳು ಓಡುತ್ತಿದ್ದದ್ದು ಒತ್ತಡದ ಗಾಳಿಯಿಂದ. ಇವತ್ತಿಗೂ ಬಂಡೆ ಕೊರೆಯುವ ಡ್ರಿಲ್ಲಿನ ಗಾಳಿಯ ಹಾದಿಯಲ್ಲಿ ಆಯಿಲರ್ ಕೂರಿಸಿ ಬೇಕೆಂದೇ ಎಣ್ಣೆ ಬೆರೆಸುತ್ತಾರೆ. ಅಲ್ಲಿ ಎಣ್ಣೆಯಿಲ್ಲದ ಗಾಳಿ ಯಂತ್ರವನ್ನು ತಿನ್ನುತ್ತದೆ, ಇಲ್ಲಿ ಎಣ್ಣೆಯಿರುವ ಗಾಳಿ ಸರಕನ್ನು ತಿನ್ನುತ್ತದೆ. ಆದ್ದರಿಂದ ಯಾವ ಫಿಲ್ಟರ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಗಾಳಿ ಯಾರ ಮನೆಗೆ ಹೋಗುತ್ತಿದೆ ಎಂದು ನಾನು ತಿರುಗಿ ಕೇಳುತ್ತೇನೆ.

ಗಾಳಿಯಲ್ಲಿ ಎಣ್ಣೆ ಮೂರು ರೂಪದಲ್ಲಿರುತ್ತದೆ. ಪೈಪಿನ ತಳದಲ್ಲಿ ಹರಿಯುವ ದ್ರವ ಒಂದು, ಹಬೆಯಂತೆ ತೇಲುವ ಅತಿ ಸಣ್ಣ ಹನಿಗಳು ಇನ್ನೊಂದು, ಹನಿಯೂ ಅಲ್ಲದೆ ಅನಿಲವೇ ಆಗಿಬಿಟ್ಟ ಆವಿ ಮತ್ತೊಂದು. ದ್ರವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿಯನ್ನು ಸುಳಿ ತಿರುಗಿಸಿದರೆ ಅದು ಗೋಡೆಗೆ ಬಡಿದು ಕೆಳಗಿಳಿಯುತ್ತದೆ.

ತೇಲುವ ಹನಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಅಲ್ಲಿರುವುದು ನಿಜವಾಗಿಯೂ ಸೊಗಸಾದ ಆವಿಷ್ಕಾರ, ಮತ್ತು ಅದನ್ನು ನಾವು ನಮ್ಮ ಮಕ್ಕಳಿಗೆ ತಪ್ಪಾಗಿ ಕಲಿಸುತ್ತಿದ್ದೇವೆ. ಫಿಲ್ಟರ್ ಎಂದ ಕೂಡಲೇ ಜರಡಿ ನೆನಪಾಗುತ್ತದೆ: ತೂತಿಗಿಂತ ದೊಡ್ಡದು ಮೇಲುಳಿಯುತ್ತದೆ, ಚಿಕ್ಕದು ಕೆಳಗಿಳಿಯುತ್ತದೆ. ಎಣ್ಣೆ ಹಿಡಿಯುವ ಕೋಯಲೆಸಿಂಗ್ ಫಿಲ್ಟರ್ ಕೆಲಸ ಮಾಡುವ ರೀತಿಯೇ ಬೇರೆ. ಅದರ ಒಳಗೆ ಬೋರೋಸಿಲಿಕೇಟ್ ಗಾಜಿನ ಎಳೆಗಳ ಗೊಂಚಲು ಇರುತ್ತದೆ, ಕೂದಲಿಗಿಂತ ನೂರು ಪಟ್ಟು ತೆಳುವಾದ ಎಳೆಗಳು. ಆ ಗೊಂಚಲಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಖಾಲಿ ಜಾಗ. ಎಳೆಗಳ ನಡುವಿನ ಸಂದು ಹನಿಗಿಂತ ಎಷ್ಟೋ ದೊಡ್ಡದು. ಹಾಗಾದರೆ ಹನಿ ಸಿಕ್ಕಿಬೀಳುವುದು ಹೇಗೆ?

ಮಳೆಗಾಲ ಮುಗಿದ ಮೇಲೆ ಮಡಿಕೇರಿಯ ಕಾಫಿ ತೋಟದಲ್ಲಿ ಬೆಳಗಿನ ಜಾವ ನಿಂತು ನೋಡಿ. ಮಂಜು ಮರಗಳ ನಡುವೆ ಸರಾಗವಾಗಿ ಹಾದುಹೋಗುತ್ತಿರುತ್ತದೆ. ಮಳೆ ಬಂದಿರುವುದಿಲ್ಲ. ಆದರೂ ಮರದ ಕೆಳಗೆ ಟಪ ಟಪ ಹನಿ ಬೀಳುತ್ತಿರುತ್ತದೆ. ಮಂಜಿನ ಕಣಗಳು ಎಲೆಗೆ, ಕಡ್ಡಿಗೆ, ಪಾಚಿಯ ಎಳೆಗೆ ತಾಗಿ ಅಂಟುತ್ತವೆ, ಪಕ್ಕದ ಕಣದೊಡನೆ ಕೂಡಿ ದೊಡ್ಡದಾಗುತ್ತವೆ, ಭಾರ ತಾಳದೆ ಉದುರುತ್ತವೆ. ಕೋಯಲೆಸಿಂಗ್ ಫಿಲ್ಟರ್ ಅಂಥ ಒಂದು ಕಾಡು. ದೊಡ್ಡ ಹನಿ ವೇಗದಲ್ಲಿ ತಿರುವು ತೆಗೆದುಕೊಳ್ಳಲಾರದೆ ಎಳೆಗೆ ಡಿಕ್ಕಿ ಹೊಡೆಯುತ್ತದೆ. ನಡುಗಾತ್ರದ್ದು ಪಕ್ಕದಲ್ಲಿ ಹಾಯುವಾಗ ತಗುಲಿಕೊಳ್ಳುತ್ತದೆ. ಅತಿ ಸಣ್ಣದು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕು ಅಡ್ಡಾದಿಡ್ಡಿ ಓಡಾಡುತ್ತ ತಾನಾಗಿಯೇ ಎಳೆಗೆ ಬಂದು ಬೀಳುತ್ತದೆ. ಹಿಡಿಯಲು ಎಲ್ಲಕ್ಕಿಂತ ಕಷ್ಟವಾಗುವುದು ಅತಿ ಸಣ್ಣ ಹನಿ ಅಲ್ಲ, 0.1ರಿಂದ 0.3 ಮೈಕ್ರಾನ್ ಗಾತ್ರದ್ದು. ಡಿಕ್ಕಿ ಹೊಡೆಯುವಷ್ಟು ಅದು ದೊಡ್ಡದಲ್ಲ, ಅಲೆದಾಡುವಷ್ಟು ಹಗುರವೂ ಅಲ್ಲ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ. ಜರಡಿಯ ಚಿತ್ರ ತಲೆಯಲ್ಲಿದ್ದರೆ ಈ ಮಾತು ಅರ್ಥವೇ ಆಗುವುದಿಲ್ಲ.

ಈ ಫಿಲ್ಟರಿನಲ್ಲಿ ಗಾಳಿ ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಕೂಡಿಕೊಂಡ ಎಣ್ಣೆ ಹೊರಗಿನ ಸ್ಪಂಜಿನ ಪದರಕ್ಕೆ ಬಂದು ಇಳಿದು, ತಳದ ಬಟ್ಟಲಿಗೆ ಸೇರಿ, ಆಟೋ ಡ್ರೈನಿನಿಂದ ಹೊರಹೋಗಬೇಕು. ಡ್ರೈನ್ ಕಟ್ಟಿಕೊಂಡರೆ ಬಟ್ಟಲು ತುಂಬಿ ಎಣ್ಣೆ ಆ ಗೊಂಚಲಿನ, ಅಂದರೆ ಎಲಿಮೆಂಟಿನ, ಬುಡ ಮುಟ್ಟುತ್ತದೆ, ಗಾಳಿ ಅದನ್ನು ಮತ್ತೆ ಹನಿಯಾಗಿ ಎಬ್ಬಿಸಿ ಮುಂದಕ್ಕೆ ಒಯ್ಯುತ್ತದೆ. ಸಾವಿರಾರು ರೂಪಾಯಿಯ ಎಲಿಮೆಂಟಿನ ಕೆಲಸವನ್ನು ಕೆಸರು ಹಿಡಿದ ಒಂದು ಪುಟ್ಟ ತೇಲು ಬೆಂಡು ಹಾಳು ಮಾಡುವುದನ್ನು ನಾನು ಎಷ್ಟು ಸಲ ಕಂಡಿದ್ದೇನೆಂದು ಲೆಕ್ಕವಿಲ್ಲ. ನಮ್ಮ ಧೂಳಿಗೆ, ನಮ್ಮ ತುಕ್ಕು ಪೈಪಿಗೆ ತಾಳಿಕೊಳ್ಳುವ ಡ್ರೈನ್ ಯಾರಾದರೂ ಮಾಡಿದರೆ ಅದನ್ನು ನಾನು ಸಣ್ಣ ಆವಿಷ್ಕಾರ ಎನ್ನುವುದಿಲ್ಲ.

ಇನ್ನು ಆವಿ. ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ, ನಮ್ಮ ಊರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಇದೆ. ಶ್ರೀಗಂಧದ ಪುಡಿಯ ಮೂಲಕ ನೀರಿನ ಹಬೆ ಹಾಯಿಸಿದಾಗ ಎಣ್ಣೆ ಆವಿಯಾಗಿ ಹಬೆಯ ಜೊತೆ ಹೊರಡುತ್ತದೆ. ಆ ಹಾದಿಗೆ ಎಷ್ಟೇ ನಯವಾದ ಬಟ್ಟೆ ಅಡ್ಡ ಹಿಡಿದರೂ ಎಣ್ಣೆ ನಿಲ್ಲುವುದಿಲ್ಲ. ತಣ್ಣೀರಿನ ಕೊಳವೆಯ ಹತ್ತಿರ ಬಂದಾಗ ಮಾತ್ರ ಅದು ಹನಿಯಾಗಿ ಕೈಗೆ ಸಿಗುತ್ತದೆ. ಕಂಪ್ರೆಸರ್ ಎಣ್ಣೆಯೂ ಇದೇ ನಿಯಮದ ಕೈಗೊಂಬೆ. ಬಿಸಿ ಹತ್ತು ಡಿಗ್ರಿ ಏರಿದರೆ ಗಾಳಿ ಹೊರುವ ಎಣ್ಣೆಯ ಆವಿ ಸುಮಾರಾಗಿ ದುಪ್ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕ್ಯಾಟಲಾಗುಗಳಲ್ಲಿ 0.01 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಅದರ ಕೆಳಗೆ ಸಣ್ಣಕ್ಷರದಲ್ಲಿ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಸೂರಿನ ಕೆಳಗೆ, ಮೂರು ಯಂತ್ರ ಒಟ್ಟಿಗೆ ಓಡುತ್ತಿರುವಾಗ ಕಡಕೊಳದ ಯಾವ ಕಂಪ್ರೆಸರ್ ರೂಮಿನಲ್ಲಿ 21 ಡಿಗ್ರಿ ಇರುತ್ತದೆ? ನಮ್ಮ ಬಿಸಿಗೆ ನಮ್ಮದೇ ಲೆಕ್ಕ ಬೇಕು. ಇಲ್ಲಿಯ ವಿದ್ಯಾರ್ಥಿಗಳಿಗೆ ನಾನು ಕೊಡುವ ಮೊದಲ ಕೆಲಸ ಅದು: ವರ್ಷವಿಡೀ, ತಿಂಗಳಿಗೊಮ್ಮೆ, ನಿಜವಾದ ರೂಮಿನಲ್ಲಿ ಅಳತೆ.

ತಣ್ಣಗೆ ಮಾಡಿದ ಮೇಲೂ ಉಳಿಯುವ ಆವಿಯನ್ನು ಹಿಡಿಯುವುದು ಇದ್ದಿಲು. ಶಾಲೆಯಲ್ಲಿ ನಾವೆಲ್ಲ ಒಂದು ಚಿತ್ರ ಬರೆದಿದ್ದೇವೆ, ಒಂದರ ಮೇಲೊಂದು ಮಡಕೆ, ಅವುಗಳಲ್ಲಿ ಜಲ್ಲಿ, ಮರಳು, ಇದ್ದಿಲು. ಇದ್ದಿಲನ್ನು ಏಕೆ ಹಾಕುತ್ತಾರೆಂದು ಮೇಷ್ಟ್ರನ್ನು ಕೇಳಿದ ನೆನಪು ನನಗಿಲ್ಲ. 1854ರಲ್ಲಿ ಜಾನ್ ಸ್ಟೆನ್‌ಹೌಸ್ ಎಂಬ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಇದ್ದಿಲು ತುಂಬಿದ ಮುಖಕವಚವನ್ನು ಜನರ ಮುಂದಿಟ್ಟ. 1900ರ ಆಸುಪಾಸಿನಲ್ಲಿ ರಫಾಯೆಲ್ ಫಾನ್ ಒಸ್ಟ್ರೆಯ್ಕೊ, ಇದ್ದಿಲನ್ನು ಕೆಂಪಗೆ ಕಾಯಿಸಿ ಹಬೆ ಅಥವಾ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಗವಿಗಳು ತೆರೆದುಕೊಳ್ಳುತ್ತವೆ ಎಂದು ತೋರಿಸಿ ಪೇಟೆಂಟ್ ಪಡೆದ. ಇದೇ ಆಕ್ಟಿವೇಟೆಡ್ ಕಾರ್ಬನ್. ಚಿಟಿಕೆಯಷ್ಟು, ಒಂದು ಗ್ರಾಂ ತೆಗೆದುಕೊಂಡರೆ ಅದರ ಒಳಮೈಯ ವಿಸ್ತಾರ ಸುಮಾರು ಸಾವಿರ ಚದರ ಮೀಟರ್, ಅಂದರೆ ಕಾಲು ಎಕರೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದಾಗ ಅಮೆರಿಕದವರು ಸೈನಿಕರ ಮುಖಕವಚಕ್ಕೆಂದು ಮನೆಮನೆಯಿಂದ ಪೀಚ್ ಹಣ್ಣಿನ ಓಟೆಗಳನ್ನು ಸಂಗ್ರಹಿಸಿದರು. ಓಟೆಗಿಂತ ಶ್ರೇಷ್ಠವಾದದ್ದು ತೆಂಗಿನ ಚಿಪ್ಪು. ಅದರ ಇದ್ದಿಲು ಗಟ್ಟಿ, ಗವಿಗಳು ಅತಿ ಸಣ್ಣ, ಆವಿ ಹಿಡಿಯಲು ಹೇಳಿ ಮಾಡಿಸಿದಂಥದ್ದು. ತಿಪಟೂರು, ಅರಸೀಕೆರೆಯ ಕೊಬ್ಬರಿ ಸೀಮೆಯಲ್ಲಿ ಚಿಪ್ಪನ್ನು ಒಲೆಗೆ ಹಾಕುವಾಗ ನಾವು ಉರಿಸುತ್ತಿರುವುದು ಏನನ್ನು ಎಂದು ನೆನಪಿರಲಿ. ಇಲ್ಲಿಯ ಚಿಪ್ಪಿನಿಂದ ಇಲ್ಲಿಯ ಗಾಳಿಗೆ ತಕ್ಕ ಕಾರ್ಬನ್ ಮಾಡುವುದನ್ನು ಕುರಿತು ಈ ಎರಡು ದಿನಗಳಲ್ಲಿ ಒಂದು ಗಂಟೆಯಾದರೂ ಚರ್ಚೆಯಾಗಬೇಕೆಂಬುದು ನನ್ನ ಆಸೆ.

ಈಗ ನನ್ನ ಮಾತಿನ ನಡುಮನೆಗೆ ಬರುತ್ತೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಆಹಾರದ ಪುಡಿ ತುಂಬುವ ಒಂದು ಕಾರ್ಖಾನೆಗೆ ನನ್ನನ್ನು ಕರೆದರು. ಹೆಸರು ಬೇಡ. ಪೊಟ್ಟಣ ಬಿಚ್ಚಿದರೆ ಏನೋ ವಾಸನೆ ಎಂದು ಗ್ರಾಹಕರಿಂದ ದೂರು ಬಂದಿತ್ತು. ಕಂಪ್ರೆಸರ್ ರೂಮಿಗೆ ಹೋದೆ. ಎಣ್ಣೆಯ ಫಿಲ್ಟರ್ ಇತ್ತು, ಕಾರ್ಬನ್ ಫಿಲ್ಟರ್ ಇತ್ತು, ಎರಡರ ಮೇಲಿನ ಗೇಜುಗಳ ಮುಳ್ಳು ಹಸಿರು ಭಾಗದಲ್ಲೇ ಇತ್ತು. ಗೇಜು ನೋಡಿದೆ, ಗಾಳಿ ಸರಿಯಿದೆ ಎಂದು ಬರೆದುಕೊಟ್ಟೆ, ಪುಡಿಯನ್ನೇ ಪರೀಕ್ಷಿಸಿ ಎಂದೆ. ಹಿಂತಿರುಗುವಾಗ ಪೊಟ್ಟಣದ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ನನ್ನನ್ನು ನಿಲ್ಲಿಸಿ, “ಈ ನಳಿಕೆಯಿಂದ ಎಣ್ಣೆ ಕಮಟು ವಾಸ್ನೆ ಬತ್ತದೆ ಸಾರ್, ಯುಗಾದಿ ಆದಾಗಿಂದ ಹೇಳ್ತಾನೇ ಇವ್ನಿ” ಎಂದರು. ಯುಗಾದಿ ಕಳೆದು ಎರಡು ತಿಂಗಳಾಗಿತ್ತು. ಅವರು ಹೇಳಿದ್ದನ್ನು ಯಾರೂ ಬರೆದುಕೊಂಡಿರಲಿಲ್ಲ. ನಾನೂ ಆ ದಿನ ತಲೆಯಾಡಿಸಿ ಹೊರಟುಬಂದೆ. ಮೂರು ವಾರದ ಮೇಲೆ ಮತ್ತೆ ಹೋಗಿ ಕಾರ್ಬನ್ ಫಿಲ್ಟರ್ ಬಿಚ್ಚಿದಾಗ ಅವರು ಹೇಳಿದ್ದ ಕಮಟು ಮುಖಕ್ಕೆ ರಾಚಿತು. ಆ ಫಿಲ್ಟರನ್ನು ತೇವ ತೆಗೆಯುವ ಡ್ರೈಯರಿಗೂ ಮೊದಲು, ಬಿಸಿ ಗಾಳಿಯಲ್ಲಿ ಕೂರಿಸಿದ್ದರು. ತೇವ ಬಂದು ಕಾರ್ಬನ್ನಿನ ಗವಿಗಳಲ್ಲಿ ಮೊದಲೇ ಜಾಗ ಹಿಡಿದಿತ್ತು, ಬಿಸಿಯಲ್ಲಿ ಹಿಡಿತವೂ ಸಡಿಲಿತ್ತು. ಎಷ್ಟು ತಿಂಗಳ ಹಿಂದೆ ಅದು ಸತ್ತಿತ್ತೋ. ಆ ಹೆಣ್ಣುಮಗಳ ಮಾತನ್ನು ಅಂದೇ ಕೇಳಿದ್ದರೆ ಮೂರು ವಾರದ ಸರಕು ಉಳಿಯುತ್ತಿತ್ತು. ಆ ತಪ್ಪು ನನ್ನದು, ಇವತ್ತಿಗೂ ಮರೆತಿಲ್ಲ.

ಗೇಜು ಅಂದು ಸುಳ್ಳು ಹೇಳಿರಲಿಲ್ಲ. ಗೇಜಿಗೆ ಗೊತ್ತಿರುವುದು ಒಂದೇ: ಗಾಳಿ ಹಾಯಲು ಎಷ್ಟು ತಡೆ ಇದೆ. ಕೋಯಲೆಸಿಂಗ್ ಎಲಿಮೆಂಟಿನಲ್ಲಿ ಕೊಳೆ ತುಂಬಿದಂತೆ ತಡೆ ಏರುತ್ತದೆ, ಮುಳ್ಳು ಕೆಂಪಿಗೆ ಹೋಗುತ್ತದೆ, ನಾವು ಬದಲಿಸುತ್ತೇವೆ. ಅಲ್ಲಿ ಗೇಜು ಒಳ್ಳೆಯ ಕಾವಲುಗಾರ. ಕಾರ್ಬನ್ನಿನಲ್ಲಿ ಎಣ್ಣೆಯ ಅಣುಗಳು ಗವಿಯ ಗೋಡೆಗೆ ಅಂಟುತ್ತವೆ, ಅಷ್ಟೇ, ಹಾದಿ ಕಟ್ಟುವುದಿಲ್ಲ. ವಿಜ್ಞಾನದ ಭಾಷೆಯಲ್ಲಿ ಇದಕ್ಕೆ ಅಧಿಶೋಷಣೆ ಎಂಬ ಹೆಸರಿದೆ. ಗವಿಗಳೆಲ್ಲ ತುಂಬಿದ ದಿನವೂ ಗಾಳಿ ಹೊಸದರಲ್ಲಿ ಹರಿದಷ್ಟೇ ಸಲೀಸಾಗಿ ಹರಿಯುತ್ತದೆ, ಮುಳ್ಳು ಕದಲುವುದಿಲ್ಲ. ಕಾರ್ಬನ್ ಸದ್ದಿಲ್ಲದೆ ಸಾಯುತ್ತದೆ. ಅದರಿಂದಲೇ ತಯಾರಕರು ಸಣ್ಣ ಕಾರ್ಬನ್ ಎಲಿಮೆಂಟುಗಳಿಗೆ ಸಾವಿರ ಗಂಟೆ, ಇಷ್ಟು ತಿಂಗಳು ಎಂದು ಆಯಸ್ಸು ಬರೆದಿರುತ್ತಾರೆ. ಆ ಲೆಕ್ಕವೂ 21 ಡಿಗ್ರಿಯದೇ.

ಹಾಗಾದರೆ ವಾಸನೆಯನ್ನು ಅಳೆಯುವುದು ಹೇಗೆ? ಮಾನಕದಲ್ಲಿ ಕಣಕ್ಕೆ ದರ್ಜೆ ಇದೆ, ನೀರಿಗೆ ಇದೆ, ಎಣ್ಣೆಗೆ ಇದೆ. ವಾಸನೆಗೆ ದರ್ಜೆ ಇಲ್ಲ. ಕನ್ನಡದಲ್ಲಿ ಅದಕ್ಕೆ ಎಷ್ಟು ದರ್ಜೆಗಳಿವೆ ನೋಡಿ! ಹಳೆಯ ಎಣ್ಣೆ ಕಮಟು, ಮುಚ್ಚಿಟ್ಟ ಅಕ್ಕಿ ಮುಗ್ಗಲು, ತಳ ಹಿಡಿದ ಅನ್ನ ಸೀದದ್ದು, ಕಾದು ಮೀರಿದ ತುಪ್ಪ ಕಮರು, ನಿನ್ನೆಯ ಸಾರು ಹಳಸಲು, ಮೋರಿಯದು ನಾತ. ಒಂದೊಂದೂ ಒಂದೊಂದು ಬಗೆಯ ರಾಸಾಯನಿಕ ಸುದ್ದಿ. ಕಮಟು ಎಂದರೆ ಎಣ್ಣೆ ಗಾಳಿಯೊಡನೆ ಸೇರಿ ಕೆಡುತ್ತಿದೆ. ಕಮರು ಎಂದರೆ ಯಂತ್ರ ಅತಿಯಾಗಿ ಕಾದು ಎಣ್ಣೆ ಒಡೆಯುತ್ತಿದೆ, ಕೂಡಲೇ ತಾಪಮಾನ ನೋಡಿ. ಮುಗ್ಗಲು ಎಂದರೆ ಡ್ರೈಯರ್ ಕೆಲಸ ಮಾಡುತ್ತಿಲ್ಲ, ಪೈಪಿನಲ್ಲಿ ನೀರು ನಿಂತಿದೆ. ಮಲ್ಲಿಗೆ, ಗಂಧ, ಊದುಬತ್ತಿಯ ಊರಿನಲ್ಲಿ ಬೆಳೆದ ಮೂಗಿಗೆ ಈ ಭೇದ ಯಾರೂ ಕಲಿಸಬೇಕಾಗಿಲ್ಲ. ಆದರೆ ನಮ್ಮ ಲಾಗ್ ಪುಸ್ತಕಗಳನ್ನು ತೆರೆದರೆ ಒತ್ತಡ, ತಾಪಮಾನ, ಓಡಿದ ಗಂಟೆ ಎಂಬ ಮೂರು ಕಾಲಮ್ಮುಗಳಿವೆ. ನಾಲ್ಕನೆಯದೊಂದು ಸೇರಿಸಿ, ಅದಕ್ಕೆ ವಾಸನೆ ಎಂದು ಹೆಸರಿಡಿ, ಆಪರೇಟರ್ ತನ್ನ ಮಾತಿನಲ್ಲೇ ಬರೆಯಲಿ. ನಾನು ಗಂಭೀರವಾಗಿ ಕೇಳುತ್ತಿದ್ದೇನೆ, ನಾಳೆಯಿಂದಲೇ ಆಗಬಹುದಾದ ಕೆಲಸ ಇದು.

ಮೂಗನ್ನು ಹೊಗಳಿದ್ದಾಯಿತು, ಅದರ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ವಾಸನೆಯಲ್ಲಿ ಹತ್ತು ನಿಮಿಷ ನಿಂತರೆ ಮೂಗು ಅದನ್ನು ಮರೆಯುತ್ತದೆ. ಕೆಲವು ಅನಿಲಗಳಿಗೆ ವಾಸನೆಯೇ ಇಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವವರನ್ನು ನೆನೆಯಿರಿ. ಅವರ ಬೆನ್ನಿಗಿರುವುದು ಆಮ್ಲಜನಕ ಎಂದು ಹಲವರು ತಿಳಿದಿದ್ದಾರೆ, ಸಾಮಾನ್ಯವಾಗಿ ಅದು ಇನ್ನೂರು ಬಾರ್ ಒತ್ತಡದ ಬರೀ ಗಾಳಿ. ಉಸಿರಾಟದ ಗಾಳಿಗೆ ಇರುವ ಯುರೋಪಿನ ಮಾನಕ, ಇಎನ್ 12021, ಘನ ಮೀಟರಿಗೆ 0.5 ಮಿಲಿಗ್ರಾಂ ಎಣ್ಣೆಯನ್ನೂ ದಶಲಕ್ಷಕ್ಕೆ 5 ಭಾಗ ಇಂಗಾಲದ ಮಾನಾಕ್ಸೈಡನ್ನೂ ಮೀರಬಾರದೆನ್ನುತ್ತದೆ. ಸಿಲಿಂಡರ್ ತುಂಬುವ ಕಂಪ್ರೆಸರಿನ ಪಕ್ಕದಲ್ಲೇ ಡೀಸೆಲ್ ಎಂಜಿನ್ ಹೊಗೆ ಬಿಡುತ್ತಿದ್ದರೆ ಕಾರ್ಬನ್ ಫಿಲ್ಟರ್ ಆ ಹೊಗೆಯ ವಾಸನೆಯನ್ನು ಹೀರಿಬಿಡುತ್ತದೆ, ಮಾನಾಕ್ಸೈಡನ್ನು ಬಿಟ್ಟುಬಿಡುತ್ತದೆ. ಎಚ್ಚರಿಸುವ ವಾಸನೆ ಹೋಯಿತು, ಕೊಲ್ಲುವ ಅನಿಲ ಉಳಿಯಿತು. ಅದನ್ನು ಹಿಡಿಯಲು ತಾಮ್ರ ಮತ್ತು ಮ್ಯಾಂಗನೀಸ್ ಆಕ್ಸೈಡುಗಳ ಹಾಪ್‌ಕಲೈಟ್ ಎಂಬ ಬೇರೆ ಪದಾರ್ಥ ಬೇಕು. ಜಾನ್ಸ್ ಹಾಪ್ಕಿನ್ಸ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಮೊದಲ ಮಹಾಯುದ್ಧದ ಕಾಲದಲ್ಲಿ ಸೇರಿ ಮಾಡಿದ್ದಕ್ಕೆ ಆ ಹೆಸರು. ಅದೂ ತೇವ ತಾಗಿದರೆ ನಿಷ್ಪ್ರಯೋಜಕ. ನಮ್ಮ ಮನೆಯ ಅಡುಗೆ ಅನಿಲಕ್ಕೆ ಬೇಕೆಂದೇ ದುರ್ವಾಸನೆಯ ಮರ್ಕ್ಯಾಪ್ಟಾನ್ ಬೆರೆಸುತ್ತಾರೆ ಎಂಬುದನ್ನು ಇದರ ಜೊತೆ ಇಟ್ಟು ನೋಡಿ. ವಾಸನೆ ತೆಗೆಯುವ ಸಾಧನ ಮಾಡುವವರು, ಆ ವಾಸನೆ ಯಾರಿಗೆ ಕಾವಲಾಗಿತ್ತು ಎಂದು ಮೊದಲು ಕೇಳಿಕೊಳ್ಳಬೇಕು.

ಈ ರಸ್ತೆಯ ಮಟ್ಟಿಗೆ ಈ ವಿಷಯ ಬರೀ ಕಾರ್ಖಾನೆಯ ವಿಷಯವಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ರೋಗಿಗಳು ಪ್ರಾಣ ಬಿಟ್ಟರು. ಮೈಸೂರಿನಿಂದ ಅಲ್ಲಿಗೆ ಸಿಲಿಂಡರ್ ಲಾರಿ ಹೋಗುವ ದಾರಿಯಲ್ಲೇ ನಮ್ಮ ಕಡಕೊಳ ಇದೆ. ಅದರ ಮುಂಚಿನ ವಾರವಷ್ಟೇ ಒಂದು ಪ್ರಕಟಣೆ ಬಂದಿತ್ತು. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಹಾರಾಟದಲ್ಲೇ ಆಮ್ಲಜನಕ ತಯಾರಿಸಿಕೊಡಲು ಬೆಂಗಳೂರಿನ ಡೆಬೆಲ್ ಪ್ರಯೋಗಾಲಯ ರೂಪಿಸಿದ್ದ ತಂತ್ರಜ್ಞಾನವನ್ನು ಆಸ್ಪತ್ರೆಗಳಿಗೆ ಬಳಸಲು ಡಿಆರ್‌ಡಿಒ ಮುಂದಾಗಿತ್ತು. ನಿಮಿಷಕ್ಕೆ 1,000 ಲೀಟರ್, ಪ್ರಕಟಣೆಯ ಪ್ರಕಾರ ನಿಮಿಷಕ್ಕೆ 5 ಲೀಟರಿನಂತೆ 190 ರೋಗಿಗಳಿಗೆ ಸಾಕಾಗುವಷ್ಟು. ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಮತ್ತು ಕೊಯಮತ್ತೂರಿನ ಟ್ರೈಡೆಂಟ್ ನ್ಯೂಮ್ಯಾಟಿಕ್ಸ್ ಕಂಪನಿಗಳಿಗೆ ತಂತ್ರಜ್ಞಾನ ವರ್ಗಾವಣೆಯಾಯಿತು.

ಅದರ ಕೆಲಸದ ರೀತಿ ಕೇಳಿ. ಒತ್ತಡದ ಗಾಳಿಯನ್ನು ಜಿಯೋಲೈಟ್ ಹರಳು ತುಂಬಿದ ಗೋಪುರಕ್ಕೆ ಬಿಟ್ಟರೆ ಹರಳು ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಒತ್ತಡ ಇಳಿಸಿದರೆ ಹಿಡಿದ ಸಾರಜನಕವನ್ನು ಉಗುಳುತ್ತದೆ. ಎರಡು ಗೋಪುರ ಸರದಿಯಂತೆ ಹೀಗೆ ಉಸಿರಾಡುತ್ತಿದ್ದರೆ ಶೇಕಡಾ 93ರ ಆಸುಪಾಸಿನ ಆಮ್ಲಜನಕ ನಿರಂತರವಾಗಿ ಬರುತ್ತದೆ. ಇದರ ಮೂಲ ಕ್ರಮಕ್ಕೆ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ 1960ರಲ್ಲಿ ಪೇಟೆಂಟ್ ಪಡೆದ. ಈ ಇಡೀ ವ್ಯವಸ್ಥೆಯ ಪ್ರಾಣ ಗೋಪುರಕ್ಕೂ ಮೊದಲು ಬರುವ ಫಿಲ್ಟರುಗಳಲ್ಲಿದೆ. ಎಣ್ಣೆಯೋ ನೀರೋ ಜಿಯೋಲೈಟನ್ನು ಮುಟ್ಟಿದರೆ ಅದರ ಗವಿಗಳು ಮುಚ್ಚಿಹೋಗುತ್ತವೆ. ಸಾರಜನಕ ಉಗುಳಿಸುವ ಒತ್ತಡದ ಇಳಿತಕ್ಕೆ ಎಣ್ಣೆ ಜಗ್ಗುವುದಿಲ್ಲ. ಆಮ್ಲಜನಕದ ಪ್ರಮಾಣ ತೊಂಬತ್ತಕ್ಕೆ, ಎಂಬತ್ತಕ್ಕೆ ಇಳಿಯುತ್ತದೆ, ಹಾಸಿಗೆಯ ಮೇಲಿರುವವರ ಮೂಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ದೇಶದ ಉದ್ದಗಲಕ್ಕೂ ಇಂಥ ಸ್ಥಾವರಗಳನ್ನು ಕೂರಿಸಿದೆವು. ಜಿಲ್ಲಾ ಆಸ್ಪತ್ರೆಯ ಹಿಂಭಾಗದ ಶೆಡ್ಡಿನಲ್ಲಿರುವ ಆ ಯಂತ್ರದ ಕಾರ್ಬನ್ ಎಲಿಮೆಂಟನ್ನು ಯಾರು, ಯಾವಾಗ, ಯಾವ ಖಾತೆಯ ಹಣದಲ್ಲಿ ಬದಲಿಸುತ್ತಾರೆ? ಸ್ಥಾವರ ಉದ್ಘಾಟಿಸಿದಷ್ಟೇ ಗಂಭೀರವಾಗಿ ಈ ಪ್ರಶ್ನೆಯನ್ನೂ ಎತ್ತಿಕೊಳ್ಳಬೇಕಿದೆ.

ಹೊರಗಿನ ಗಾಳಿಯನ್ನೂ ಲಘುವಾಗಿ ಕಾಣಬಾರದು. 1997ರಲ್ಲಿ ಬೋರ್ನಿಯೊ ದ್ವೀಪದ ಕಾಡುಗಳಿಗೆ ಬೆಂಕಿ ಬಿದ್ದು ತಿಂಗಳುಗಟ್ಟಲೆ ಹೊಗೆ ಕವಿದಿತ್ತು. ಆ ವರ್ಷ ಡಿಸೆಂಬರ್ 25ರಂದು ಮಲೇಷ್ಯಾದ ಬಿಂಟುಲುವಿನಲ್ಲಿ ಗಾಳಿಯನ್ನು ದ್ರವವಾಗಿಸಿ ಆಮ್ಲಜನಕ ಬೇರ್ಪಡಿಸುವ ಬೃಹತ್ ಸ್ಥಾವರ ಸ್ಫೋಟಗೊಂಡಿತು. ಹೊಗೆಯಲ್ಲಿದ್ದ ಉರಿಯಬಲ್ಲ ಸೂಕ್ಷ್ಮ ಕಣಗಳು ಶುದ್ಧೀಕರಣದ ಹಂತವನ್ನು ನುಸುಳಿ, ದ್ರವ ಆಮ್ಲಜನಕದ ನಡುವೆ ಕೂಡಿಕೊಂಡು ಹೊತ್ತಿಕೊಂಡಿದ್ದವು. ಜೀವಹಾನಿಯಾಗದಿದ್ದದ್ದು ದೊಡ್ಡ ಪುಣ್ಯ. ಫಿಲ್ಟರನ್ನು ಎಂದಿನ ಗಾಳಿಗೆಂದು ಲೆಕ್ಕ ಹಾಕಿದ್ದರು. ಬಂದದ್ದು ಎಂದಿನ ಗಾಳಿಯಲ್ಲ. ಬೇಸಿಗೆಯಲ್ಲಿ ಬಂಡೀಪುರದ ಕಡೆ ಕಾಡ್ಗಿಚ್ಚು ಬಿದ್ದ ದಿನ, ಕಬ್ಬಿನ ತರಗಿಗೆ ಬೆಂಕಿಯಿಟ್ಟ ದಿನ, ನಮ್ಮ ಜಾಲರಿಗಳು ಏನನ್ನು ಒಳಗೆಳೆಯುತ್ತಿವೆ ಎಂದು ನೋಡಿದವರು ಯಾರಾದರೂ ಇದ್ದರೆ ಮಧ್ಯಾಹ್ನದ ಗೋಷ್ಠಿಯಲ್ಲಿ ಹೇಳಿ. ಎಣ್ಣೆರಹಿತ ಕಂಪ್ರೆಸರ್ ಕೊಂಡೆವು, ಇನ್ನು ನಿಶ್ಚಿಂತೆ ಎನ್ನುವವರಿಗೆ ವಿಶೇಷವಾಗಿ ಈ ಮಾತು. ಯಂತ್ರ ಎಣ್ಣೆ ಸೇರಿಸದಿರಬಹುದು, ಹೆದ್ದಾರಿ ಸೇರಿಸುತ್ತದೆ.

ಗಾಳಿಯಿಂದ ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದು ಗೋಷ್ಠಿಗಳ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ, ಅದಕ್ಕೇ ಹೇಳುತ್ತೇನೆ. ಡ್ರೈನಿನಿಂದ ಹಾಲಿನ ಹಾಗೆ ಬೆಳ್ಳಗೆ ಹೊರಬರುವುದು ಎಣ್ಣೆ ಕಲಸಿದ ನೀರು. ಅದನ್ನು ಶೆಡ್ಡಿನ ಹಿಂದಿನ ಚರಂಡಿಗೆ ಬಿಟ್ಟರೆ ಇಳಿಜಾರು ಇರುವುದು ಕಪಿಲೆಯ ಕಡೆಗೆ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ನೀರಿನಿಂದ ಎಣ್ಣೆ ಬೇರ್ಪಡಿಸುವ ಡಬ್ಬಿ ಕೂರಿಸುವುದು ದುಬಾರಿಯೇನಲ್ಲ, ಆದರೆ ಅದರಲ್ಲಿರುವುದೂ ಹೆಚ್ಚಾಗಿ ಕಾರ್ಬನ್ನೇ, ಅದೂ ಸದ್ದಿಲ್ಲದೆ ಸಾಯುವಂಥದ್ದೇ.

ಹೀಗಾಗಿ ಇಲ್ಲಿ ಸೇರಿರುವ ಸಂಶೋಧಕರಿಂದ ನನ್ನ ಬೇಡಿಕೆ ಒಂದೇ. ಇನ್ನೂ ನಯವಾದ ಎಳೆ, ಇನ್ನೂ ದೊಡ್ಡ ಗೋಪುರಗಳನ್ನು ಜಗತ್ತಿನ ದೊಡ್ಡ ಕಂಪನಿಗಳು ಹೇಗೂ ಮಾಡುತ್ತವೆ. ಕಾರ್ಬನ್ ಮುಗಿದ ದಿನ ಮುಗಿಯಿತು ಎಂದು ಹೇಳುವ ಒಂದು ಅಗ್ಗದ ಸಾಧನ ಮಾಡಿಕೊಡಿ. ಎಣ್ಣೆ ಆವಿ ತಾಗಿದರೆ ಬಣ್ಣ ತಿರುಗುವ ಪಟ್ಟಿಯಾಗಬಹುದು, ಗಾಜಿನ ಕಿಂಡಿಯಲ್ಲಿ ಕೂರಿಸಿದ ಹರಳಾಗಬಹುದು, ಚಿಕ್ಕ ಸಂವೇದಕವಾಗಬಹುದು. ಈಗ ಸಿಗುವ ಆವಿ ಅಳೆಯುವ ಉಪಕರಣಗಳನ್ನು ಹತ್ತು ಜನ ದುಡಿಯುವ ಶೆಡ್ಡು ಕೊಳ್ಳಲಾರದು. ನಲವತ್ತು ಡಿಗ್ರಿಯಲ್ಲಿ, ಕಡಕೊಳದ ಧೂಳಿನಲ್ಲಿ ಒಂದು ವರ್ಷ ನಿಲ್ಲಬೇಕು, ಅದರ ಮೇಲಿನ ಬರಹ ಕನ್ನಡದಲ್ಲಿರಬೇಕು, ಜಿಲ್ಲಾ ಆಸ್ಪತ್ರೆಯ ಶೆಡ್ಡಿನ ಕಾವಲುಗಾರ ಕೂಡ ಓದಿ ತಿಳಿಯುವಂತಿರಬೇಕು. ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ವಾಸನೆ ರುಚಿಗಳ ವಿದ್ಯೆಯನ್ನು ಕಟ್ಟಿಕೊಂಡು ಬಂದಿರುವ ಊರು ಇದು. ಆ ವಿದ್ಯೆ ಬಲ್ಲವರೂ ಕಂಪ್ರೆಸರ್ ಬಲ್ಲವರೂ ಒಂದು ಮೇಜಿನ ಸುತ್ತ ಕೂರಲು ಇಪ್ಪತ್ತು ಕಿಲೋಮೀಟರು ಕೂಡ ಪ್ರಯಾಣ ಮಾಡಬೇಕಾಗಿಲ್ಲ.

ನನ್ನ ಮಾತು ಇಲ್ಲಿಗೆ ಸಾಕು. ಮೊದಲ ಗೋಷ್ಠಿಗೆ ಮುಂಚೆ ಒಂದು ಸಣ್ಣ ಕೆಲಸವಿದೆ. ಮುಂದಿನ ಸಾಲಿನಲ್ಲಿ ಮೂರು ಗಾಜಿನ ಸೀಸೆಗಳಿವೆ, ಪ್ರತಿಯೊಂದರಲ್ಲೂ ಒಂದು ಉಂಡೆ ಹತ್ತಿ. ನಿನ್ನೆ ಒಂದೇ ಯಂತ್ರದ ಗಾಳಿಯನ್ನು ಅವಕ್ಕೆ ತೋರಿಸಿದ್ದೇವೆ: ಒಂದಕ್ಕೆ ರಿಸೀವರ್ ಟ್ಯಾಂಕಿನದು, ಒಂದಕ್ಕೆ ಎಣ್ಣೆಯ ಫಿಲ್ಟರ್ ದಾಟಿದ್ದು, ಒಂದಕ್ಕೆ ಕಾರ್ಬನ್ ದಾಟಿದ್ದು. ಯಾವುದು ಯಾವುದೆಂದು ಬರೆದಿಲ್ಲ, ಸಂಖ್ಯೆ ಮಾತ್ರ ಇದೆ. ಸೀಸೆಗಳು ಕೈಯಿಂದ ಕೈಗೆ ಹಿಂದಿನ ಸಾಲಿನವರೆಗೆ ಹೋಗಲಿ. ಮುಚ್ಚಳ ತೆರೆದು ಒಮ್ಮೆ ಮೂಸಿ, ಕೂಡಲೇ ಮುಚ್ಚಿ, ಕುರ್ಚಿಯ ಮೇಲಿಟ್ಟಿರುವ ಚೀಟಿಯಲ್ಲಿ ನಿಮಗೆ ತೋಚಿದ ಕನ್ನಡದ ಮಾತು ಬರೆಯಿರಿ. ಪಕ್ಕದವರ ಚೀಟಿ ನೋಡಬೇಡಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ಕಂಪ್ರೆಸರ್ ಆಪರೇಟರುಗಳ ಚೀಟಿಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಮಧ್ಯಾಹ್ನ ಮೊದಲು ಓದುವುದು ಅವನ್ನೇ.